ಬಾಯಿ ಮುಚ್ಚಿಸಿದ ಸಿಗ್ನಲ್

ಆ ಸೋಮವಾರ ಬೆಳಿಗ್ಗೆ ಹಾಲೊವೆ ರಸ್ತೆಯ ಸಿಗ್ನಲ್ ಬಾಯಿ ಬಿಡಲಿಲ್ಲ.

ಎಂದಿನಂತೆ ಬಟನ್ ಒತ್ತಿ ನಿಂತಿದ್ದೆ. ಎದುರುಗಡೆ ನಮ್ಮ ಪೊರಕೆ ಕಾರ್ಖಾನೆ. ನಡುವೆ ಆರು ಸಾಲು ಕಾರು ಹರಿಯುವ ರಸ್ತೆ. ಹಸಿರು ಬಂದಾಗ ಕಂಬದ ಮೇಲಿನ ಪೆಟ್ಟಿಗೆ ಹಕ್ಕಿಮರಿಯಂತೆ ಕೂಗಬೇಕು. ಎದುರು ಕಂಬದ ಪೆಟ್ಟಿಗೆಯೂ ಕೂಗಬೇಕು. ಈ ಕಂಬ ಕೂಗಿದರೆ ಹೊರಡು ಎಂದು ಅರ್ಥ. ಆ ಕಂಬ ಎಲ್ಲಿ ಕೂಗುತ್ತದೋ ಅಲ್ಲಿಗೆ ನಡೆ ಎಂದು ಅರ್ಥ. ಅದನ್ನು ನಂಬಿ ನಾನು ದಿನಾ ಒಬ್ಬಳೇ ಕೆಲಸಕ್ಕೆ ಹೋಗುತ್ತಿದ್ದೆ. ಯಾರ ಕೈಯನ್ನೂ ಹಿಡಿಯದೆ. ಯಾರಿಗೂ ಥ್ಯಾಂಕ್ಸ್ ಹೇಳದೆ.

ಆ ದಿನ ಕೂಗು ಬರಲಿಲ್ಲ. ಕಾರು ನಿಂತವು. ಕಾರು ಹೊರಟವು. ಮತ್ತೆ ನಿಂತವು. ನನ್ನ ಪಕ್ಕದಿಂದ ಚಪ್ಪಲಿ, ಬೂಟು, ಮಗುವಿನ ಗಾಡಿಯ ಚಕ್ರ ಎಲ್ಲ ದಾಟಿಹೋದವು. ನಾನು ಕಂಬದ ಹಾಗೆ ನಿಂತೇ ಇದ್ದೆ. ಕಾರ್ಖಾನೆಯ ಗಂಟೆ ಬಾರಿಸಿತು. ನಿಂತಲ್ಲೇ ಕೇಳಿಸಿಕೊಂಡೆ.

ನಾವು ಕುರುಡರು. ಕುರುಡರು ಎಂದೇ ಬರೆಯುತ್ತೇನೆ. ಮೆತ್ತನೆಯ ಹೆಸರುಗಳು ನಗರಪಾಲಿಕೆಯವರ ಬಳಿ ಬೇಕಾದಷ್ಟಿವೆ. ಹೆಸರು ಮೆತ್ತಗಾದಷ್ಟೂ ರಸ್ತೆ ಗಟ್ಟಿಯಾಗುತ್ತದೆ ಎಂಬುದು ನನ್ನ ಅನುಭವ.

ಕಾರ್ಖಾನೆಯಲ್ಲಿ ನಾವು ಕಟ್ಟುವುದು ಪೊರಕೆ. ಒಣಗಿದ ಕಡ್ಡಿಯನ್ನು ಹಿಡಿಯ ಸುತ್ತ ಜೋಡಿಸಿ, ಕಾಲಿನಿಂದ ಯಂತ್ರ ತುಳಿಯುತ್ತ, ತಂತಿ ಬಿಗಿದು ಸುತ್ತಬೇಕು. ತಂತಿ ಸಡಿಲಾದರೆ ಪೊರಕೆ ಉದುರುತ್ತದೆ. ಹೆಚ್ಚು ಬಿಗಿಯಾದರೆ ಬೆರಳು ಕೊಯ್ಯುತ್ತದೆ. ಧೂಳು ಮೂಗಿಗೆ, ಗಂಟಲಿಗೆ, ಬೆವರಿದ ಕತ್ತಿಗೆ ಅಂಟುತ್ತದೆ. ಚಳಿಗಾಲದಲ್ಲಿ ಊರಂಚಿನ ಸರೋವರದ ಗಾಳಿ ಬಾಗಿಲ ಸಂದಿಯಿಂದ ನುಗ್ಗಿ ತಂತಿಯನ್ನು ಮಂಜುಗಡ್ಡೆ ಮಾಡುತ್ತದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಶಬ್ದದ ಅಲೆಗಳ ಬಗ್ಗೆ ಪ್ರಬಂಧ ಬರೆದವಳು. ಪ್ರಯೋಗಾಲಯದವರು ನಾನು ಗಾಜು ಒಡೆದೇನು ಎಂದು ಹೆದರಿದರು. ಪೊರಕೆ ಒಡೆಯುವುದಿಲ್ಲ. ಅದಕ್ಕೇ ಇಲ್ಲಿದ್ದೇನೆ.

ನಾವು ದಾಟುವುದು ಕಿವಿಯಿಂದ. ಹಿಂದೆ ಪೆಟ್ಟಿಗೆಯೂ ಬೇಕಿರಲಿಲ್ಲ. ನಮ್ಮ ಪಕ್ಕದ ಬೀದಿಯ ಕಾರುಗಳು ಒಟ್ಟಿಗೆ ಗುರ್ರೆಂದು ಹೊರಟರೆ ನಮಗೂ ಹಸಿರು ಎಂದು ಲೆಕ್ಕ. ಆ ಗುರ್ರಿನ ಜೊತೆಗೆ ಹೊರಟು ಅದರ ಪಕ್ಕದಲ್ಲೇ ನೇರ ನಡೆದರೆ ಆಚೆ ದಡ. ಆಮೇಲೆ ಪಾಲಿಕೆ ಪಾದಚಾರಿಗಳ ಸುರಕ್ಷತೆಗೆ ಒಂದು ಯೋಜನೆ ತಂದಿತು. ಕಾರುಗಳನ್ನೆಲ್ಲ ಕ್ಷಣಕಾಲ ತಡೆದಿಟ್ಟು ನಡೆಯುವವರನ್ನು ಮೊದಲು ಬಿಡುವುದು. ತಿರುಗುವ ಕಾರಿನವನು ಹೊರಡುವ ಹೊತ್ತಿಗೆ ಮನುಷ್ಯ ಆಗಲೇ ಅವನ ಕಣ್ಣೆದುರು ಇರುತ್ತಾನೆ. ಒಳ್ಳೆಯ ಯೋಜನೆ. ಆದರೆ ಆ ಮೊದಲ ಕ್ಷಣದಲ್ಲಿ ರಸ್ತೆ ಪೂರ್ತಿ ಸುಮ್ಮನಿರುತ್ತದೆ. ಸುಮ್ಮನಿದ್ದರೆ ನಮಗೇನು ತಿಳಿಯಬೇಕು? ನಾವು ನಿಂತಿರುತ್ತೇವೆ. ಗುರ್ರ್ ಕೇಳಿದ ಮೇಲೆ ಹೊರಡುತ್ತೇವೆ. ಅದೇ ಗಳಿಗೆಗೆ ತಿರುಗುವ ಕಾರೂ ಹೊರಡುತ್ತದೆ. ಹಾಗಾಗಿ ಯೋಜನೆಯ ಜೊತೆಗೇ ಕೂಗುವ ಪೆಟ್ಟಿಗೆ ಇಟ್ಟಿದ್ದರು. ಪೆಟ್ಟಿಗೆ ಕೂಗಿದರೆ ಯೋಜನೆ ನಮ್ಮದೂ ಹೌದು. ಪೆಟ್ಟಿಗೆ ಸತ್ತರೆ ಅದು ನಮ್ಮನ್ನು ಚಕ್ರದ ಕೆಳಗೆ ಕಳಿಸುವ ಯೋಜನೆ.

ಮಧ್ಯಾಹ್ನದೊಳಗೆ ವಿಷಯ ಗೊತ್ತಾಯಿತು. ಹಳೆಯ ಎರಕದ ಕಾರ್ಖಾನೆ ಇದ್ದ ಮೂಲೆಯಲ್ಲಿ ಈಗ ಎತ್ತರದ ಮನೆಗಳು ಎದ್ದಿವೆ. ಬೇಸಿಗೆ ಹತ್ತಿರವಾಗಿ ಅಲ್ಲಿಯವರು ಕಿಟಕಿ ತೆರೆದಿದ್ದಾರೆ. ಪೆಟ್ಟಿಗೆಯ ಕೂಗಿನಿಂದ ನಿದ್ದೆ ಕೆಡುತ್ತಿದೆ ಎಂದಿದ್ದಾರೆ. ಪಾಲಿಕೆಯವರು ಬಂದು ಕೂಗು ನಿಲ್ಲಿಸಿ ಹೋಗಿದ್ದಾರೆ. ಕಂಬದ ಮೇಲೆ ಒಂದು ಬಾಣದ ಗುರುತಿದೆ. ಹಸಿರು ಬಂದಾಗ ಅದು ನಡುಗುತ್ತದೆ. ಮುಟ್ಟಿ ತಿಳಿದುಕೊಳ್ಳಲಿ, ಅದು ಸಾಕು ಎಂದರಂತೆ.

ಬಾಣದ ಮೇಲೆ ಕೈ ಇಟ್ಟವಳಿಗೆ ಅದು ನಡುಗಿದ್ದು ತಿಳಿಯುತ್ತದೆ. ಕೈ ತೆಗೆದು ರಸ್ತೆಗಿಳಿದವಳಿಗೆ ಏನೂ ತಿಳಿಯುವುದಿಲ್ಲ. ಆಚೆಯ ಕಂಬ ಎಲ್ಲಿದೆ, ತಾನು ಓರೆಯಾಗಿ ಕೂಡುರಸ್ತೆಯ ನಡುವಿಗೆ ಹೋಗುತ್ತಿದ್ದಾಳೋ ಏನು, ಒಂದೂ ಇಲ್ಲ. ಕಂಬವನ್ನು ಕಿತ್ತು ಜೊತೆಗೆ ಒಯ್ಯಲು ಆಗುವುದಿಲ್ಲವಲ್ಲ.

ಮೊದಲು ಅಪಾಯಕ್ಕೆ ಸಿಕ್ಕವನು ಆಲ್ಟನ್ ಟಿಲರಿ. ತಂತಿ ಸುತ್ತುವುದರಲ್ಲಿ ನಮ್ಮೆಲ್ಲರಿಗಿಂತ ಹಿರಿಯ. ನಾನು ಹೋಗುವ ಚರ್ಚಿನ ಗಾಯಕ. ಅವನು ನನಗೆ ಸಿಸ್ಟರ್ ಮಾರ್ವಾ, ನಾನು ಅವನಿಗೆ ಬ್ರದರ್ ಆಲ್ಟನ್. ಒಂದು ಬೆಳಿಗ್ಗೆ ಅವನು ನನಗಿಂತ ಸ್ವಲ್ಪ ಮುಂದೆ ನಿಂತಿದ್ದ. ತಲೆಯ ಮೇಲೆ ಕೂಗು ಕೇಳಿಸಿತು. ಅದೇ ಕೂಗು, ಅದೇ ಏರಿಳಿತ. "ಬಾಯಿ ಬಂತು ನೋಡು" ಎನ್ನುತ್ತ ಆಲ್ಟನ್ ಇಳಿದುಬಿಟ್ಟ.

ನನಗೆ ಏನೋ ಸರಿಯಿಲ್ಲ ಅನಿಸಿತು. ಕೂಗು ಕಂಬದಿಂದ ಬರಲಿಲ್ಲ. ಕಂಬಕ್ಕಿಂತ ಮೇಲೆ, ತಂತಿಯ ಕಡೆಯಿಂದ ಬಂದಿತ್ತು. ಕರೆಯಲು ಬಾಯಿ ತೆರೆಯುವ ಮೊದಲೇ ಲಾರಿಯ ಹಾರನ್. ಬ್ರೇಕು. ಕಟ್ ಎಂದು ಏನೋ ಮುರಿದ ಸದ್ದು.

ಮುರಿದದ್ದು ಅವನ ಬಿಳಿ ಕೋಲು. ಅವನು ಹಿಂದಕ್ಕೆ ಹಾರಿ ಪಾದಚಾರಿ ಕಟ್ಟೆಯ ಮೇಲೆ ಕುಂಡೆಯೂರಿ ಕೂತಿದ್ದ. ಊಟದ ಡಬ್ಬಿಯ ಮೇಲೆ ಲಾರಿ ಹಾದುಹೋಗಿತ್ತು. ಬೇಯಿಸಿದ ಸೊಪ್ಪಿನ ವಾಸನೆ ಬೀದಿಗೆಲ್ಲ ಹರಡಿತು. ತಂತಿಯ ಮೇಲೆ ಮತ್ತೆ ಅದೇ ಕೂಗು.

ಕಬ್ಬಕ್ಕಿ, ಕೇಳಿದ ಸದ್ದನ್ನು ಹಾಗೇ ಆಡಿ ತೋರಿಸುವ ಹಕ್ಕಿ. ಪೆಟ್ಟಿಗೆ ಕೂಗುತ್ತಿದ್ದಷ್ಟು ಕಾಲ ಪಕ್ಕದಲ್ಲಿ ಕೂತು ಪಾಠ ಕಲಿತಿತ್ತು. ಗುರು ಸತ್ತರೂ ಶಿಷ್ಯ ಬಿಟ್ಟಿರಲಿಲ್ಲ. ಕಣ್ಣಿದ್ದವರು ಯಾರೂ ಹಕ್ಕಿಯ ಮಾತು ಕೇಳಿ ಲಾರಿಗೆ ಎದುರು ಹೋಗುವುದಿಲ್ಲ. ಆ ತಪ್ಪು ಮಾಡಲು ನಾವೇ ಆಗಬೇಕು.

ಆಲ್ಟನ್ ನಗಲು ಶುರು ಮಾಡಿದ. "ಹಕ್ಕಿ ಸುಳ್ಳು ಹೇಳ್ತಲ್ಲ ಸಿಸ್ಟರ್."

"ಅದು ಸುಳ್ಳು ಹೇಳ್ಲಿಲ್ಲ. ಅದಕ್ಕೆ ಬಾಯಿ ಮುಚ್ಚು ಅಂತ ಯಾರೂ ಬಂದು ಹೇಳಿಲ್ಲ, ಅಷ್ಟೆ."

ಅವನು ಇನ್ನೂ ಜೋರಾಗಿ ನಕ್ಕ. ಎಬ್ಬಿಸಲೆಂದು ಕೈ ಹಿಡಿದೆ. ಆ ದಿನ ಅವನು ಕಟ್ಟಿದ ಪೊರಕೆಗಳೆಲ್ಲ ಸಡಿಲ. ಎಲ್ಲ ಬಿಚ್ಚಿ ಮತ್ತೆ ಕಟ್ಟಿದ. ಹಾಗಾಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಡ್ವೈಟ್ ಕೋಗನ್. ಕಣ್ಣಿದ್ದವನು. ಕೆಟ್ಟವನಲ್ಲ, ಹೆದರುಪುಕ್ಕ. ಸುದ್ದಿ ಕೇಳಿದವನೇ ಎಲ್ಲರನ್ನೂ ನಿಲ್ಲಿಸಿ ಹೇಳಿದ: ಇನ್ನು ಮುಂದೆ ಹಾಲೊವೆ ರಸ್ತೆಯನ್ನು ಯಾರೂ ನಡೆದು ದಾಟುವಂತಿಲ್ಲ. ಪಾಲಿಕೆಯ ವ್ಯಾನ್ ಇದೆ, ಅದರಲ್ಲಿ ಬರಬೇಕು. ನಡೆದು ಬಂದವರನ್ನು ಮನೆಗೆ ಕಳಿಸಲಾಗುತ್ತದೆ. ಹಾಗೆ ಮತ್ತೆ ಮತ್ತೆ ಬಂದರೆ ಬರುವುದೇ ಬೇಡ.

ವ್ಯಾನಿಗೆ ಹಿಂದಿನ ದಿನವೇ ಹೇಳಿಡಬೇಕು. ಹೇಳಿದ ಹೊತ್ತಿಗೆ ಬರುವುದಿಲ್ಲ. ಬಂದ ಹೊತ್ತಿಗೆ ನಾವು ಬಾಗಿಲಲ್ಲಿ ಇಲ್ಲದಿದ್ದರೆ ನಿಲ್ಲುವುದಿಲ್ಲ. ನಮ್ಮ ಮನೆಯ ಮೆಟ್ಟಿಲಿಗೆ ಕಾರ್ಖಾನೆಯ ಗಂಟೆ ಕೇಳಿಸುತ್ತದೆ. ನಾನು ಆ ವ್ಯಾನಿನಲ್ಲಿ ಕೂತು ಮೂತ್ರಪಿಂಡದ ಆಸ್ಪತ್ರೆಗೆ ಹೋದೆ, ವೃದ್ಧರ ಮನೆಗೆ ಹೋದೆ, ಬಂದರಿನ ತನಕ ಹೋದೆ, ಊರೆಲ್ಲ ಸುತ್ತಿ ನನ್ನ ಮನೆಯ ಎದುರು ಬದಿಯ ಕಾರ್ಖಾನೆಗೇ ಬಂದು ಇಳಿದೆ. ಪಕ್ಕದ ಸೀಟಿನ ಮುದುಕ ಎಲ್ಲಿಗೆ ಹೋಗಬೇಕಮ್ಮ ಎಂದು ಕೇಳಿದ್ದ. ರಸ್ತೆಯ ಆಚೆಗೆ ಎಂದೆ. ಅವನು ತಮಾಷೆ ಎಂದುಕೊಂಡ. ಇಳಿಯುವಾಗ ಚಾಲಕ ನನ್ನ ಸೊಂಟ ಹಿಡಿದು ಮೂಟೆಯ ಹಾಗೆ ನೆಲಕ್ಕಿಟ್ಟ. ಸಂಜೆ ಮತ್ತೆ ಅದೇ ಮೂಟೆ.

ಒಂದು ವಾರ ಮೂಟೆಯಾದೆ. ಬೆಳಗಿನ ಬೇಕರಿಯ ವಾಸನೆ ಇಲ್ಲ. ಕಾಲಡಿಯ ಇಟ್ಟಿಗೆ ಇಲ್ಲ. ಸರೋವರದ ಗಾಳಿ ಯಾವ ಕೆನ್ನೆಗೆ ಬಡಿಯುತ್ತಿದೆ ಎಂದು ನೋಡಿ ದಿಕ್ಕು ಹೇಳುವ ಆಟ ಇಲ್ಲ. ದಿನದಲ್ಲಿ ನಾನು ನನ್ನ ಕಾಲ ಮೇಲೆ, ನನ್ನ ಲೆಕ್ಕದಲ್ಲಿ ಇರುತ್ತಿದ್ದ ಹೊತ್ತು ಅದೊಂದೇ. ಉಳಿದದ್ದೆಲ್ಲ ಯಂತ್ರದ ಮುಂದೆ. ಅದನ್ನೇ ಕಿತ್ತುಕೊಂಡಿದ್ದರು.

ಪಾಲಿಕೆ ಒಂದು ಸಭೆ ಕರೆಯಿತು. ಬಂದೆವು, ಎಲ್ಲರೂ. ಸಾಲು ಸಾಲು ಕೋಲು. ಎತ್ತರದ ಮನೆಯವರೂ ಬಂದಿದ್ದರು, ಸುಗಂಧದಿಂದ ಗೊತ್ತಾಯಿತು. ಸಂಚಾರ ವಿಭಾಗದ ಎಂಜಿನಿಯರ್ ಪ್ರೂಯಿಟ್ ಎದ್ದುನಿಂತು ಗೋಡೆಯ ಮೇಲೆ ಚಿತ್ರ ಹಾಕಿದ. ಯಂತ್ರದ ಫ್ಯಾನ್ ಗುಯ್‌ಗುಟ್ಟಿತು.

"ನೀವೇ ನೋಡ್ತಿರೋ ಹಾಗೆ," ಎಂದ, "ಈ ಕೆಂಪು ಗೆರೆ ಕೆಳಗಿಳಿದಿದೆ."

ಆಲ್ಟನ್ ಕೆಮ್ಮಿದ.

"ಇನ್ನೂ ಸ್ವಲ್ಪ ಇಳಿಸ್ರೀ ಸಾರ್," ಎಂದ. "ನಮ್ಮ ಸಾಲಿಗೆ ಇನ್ನೂ ಕಾಣ್ತಿಲ್ಲ."

ನಮ್ಮವರು ನಕ್ಕರು. ಪ್ರೂಯಿಟ್ ತಡವರಿಸಿದ. ಕ್ಷಮೆ ಕೇಳಿದ. ಮರುಕ್ಷಣವೇ "ಈ ಇನ್ನೊಂದು ಚಿತ್ರದಲ್ಲಿ" ಎಂದು ಮುಂದುವರಿಸಿದ.

ಎತ್ತರದ ಮನೆಯ ಮಿಸೆಸ್ ಸ್ಟ್ರಾಂಡ್ ಎಂಬಾಕೆ ಮಾತಾಡಿದರು. ದೂರು ಕೊಟ್ಟವರಲ್ಲಿ ಅವರೇ ಮೊದಲಿಗರು. ಶಬ್ದ ಇನ್ನೂ ನಿಂತಿಲ್ಲ, ನಸುಕಿನಲ್ಲೇ ಕಿಟಕಿಯ ಹತ್ತಿರ ಕೂಗುತ್ತದೆ, ಪಾಲಿಕೆ ಸುಳ್ಳು ಹೇಳುತ್ತಿದೆ ಎಂದರು. ಪ್ರೂಯಿಟ್ ಆಣೆ ಮಾಡುವ ದನಿಯಲ್ಲಿ, ಪೆಟ್ಟಿಗೆ ಪೂರ್ತಿ ಬಂದ್ ಆಗಿದೆ, ಜನ ಕಳಿಸಿ ಮೂರು ಸಲ ಪರೀಕ್ಷೆ ಮಾಡಿಸಿದ್ದೇನೆ ಎಂದ.

"ಅದು ಹಕ್ಕಿ ಮೇಡಂ," ಎಂದ ಆಲ್ಟನ್. "ಅದನ್ನೂ ವ್ಯಾನಿನಲ್ಲಿ ಕೂರಿಸಿ ಕಳಿಸ್ಬಿಡಿ."

ಈ ಸಲ ಸುಗಂಧದ ಸಾಲಿನಲ್ಲೂ ಯಾರೋ ನಕ್ಕರು.

ಕೊನೆಗೆ ಪಾಲಿಕೆಯ ಅಧ್ಯಕ್ಷರು ಉದಾರಿಗಳಾದರು. ವ್ಯಾನುಗಳನ್ನು ಹೆಚ್ಚಿಸುತ್ತೇವೆ ಎಂದರು. ನಮ್ಮ ಕಾರ್ಖಾನೆಗೆಂದೇ ಒಂದು ವ್ಯಾನ್, ಪುಕ್ಕಟೆ. ಒಳಗೆ ಸಂಗೀತವೂ ಇರುತ್ತದಂತೆ. ಚಪ್ಪಾಳೆ ಬಿತ್ತು. ಕೋಗನ್ನನ ಚಪ್ಪಾಳೆ ಎಲ್ಲರಿಗಿಂತ ಜೋರು. ಎಲ್ಲರೂ ನಾವು ಥ್ಯಾಂಕ್ಸ್ ಹೇಳಲಿ ಎಂದು ಕಾಯುತ್ತಿದ್ದರು. ಹಾಗೆ ಕಾಯುವ ಮೌನ ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಿಂದ ಕೇಳಿದ್ದೇನೆ. ಪ್ರತಿ ಸಲವೂ ಅದನ್ನು ತುಂಬಿಸಿದ್ದೇನೆ.

ಎದ್ದು ನಿಂತೆ.

"ಬೇಡ," ಎಂದೆ.

ಅಧ್ಯಕ್ಷರಿಗೆ ಕೇಳಿಸಲಿಲ್ಲವೇನೋ. ಏನಮ್ಮ ಎಂದರು.

"ನಿಮ್ಮ ವ್ಯಾನ್ ನಮಗೆ ಬೇಡ. ನಮ್ಮನ್ನ ಹೊತ್ಕೊಂಡು ಹೋಗಿ ಅಂತ ನಾವು ಯಾರೂ ಕೇಳಿಲ್ಲ. ನಮಗೆ ಕಾಲಿದೆ. ದಿನಾ ಯಂತ್ರ ತುಳಿಯೋ ಕಾಲು. ಸಿಗ್ನಲ್ಲಿನ ಬಾಯಿ ಮುಚ್ಸಿದ್ದು ನೀವು. ಬಿಚ್ಚಿ. ಅಷ್ಟೆ. ಬಿಚ್ಚೋವರೆಗೂ ಅದರ ಕೆಲಸ ನಾವೇ ಮಾಡ್ತೀವಿ."

ಹಾಗೆಂದಾಗ ಏನು ಮಾಡುತ್ತೇವೆ ಎಂದು ನನಗೇ ಗೊತ್ತಿರಲಿಲ್ಲ. ಹೊರಗೆ ಬಂದ ಮೇಲೆ ಆಲ್ಟನ್ ಕೇಳಿದ. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವ ಮೊದಲೇ ಭಾಷಣ ಮಾಡುವವರು ಪಾದ್ರಿಗಳು ಮಾತ್ರ ಅಂದುಕೊಂಡಿದ್ದೆ ಎಂದ.

ಉಪಾಯ ಸಿಕ್ಕಿದ್ದು ಕಾರ್ಖಾನೆಯ ಹಿಂಬದಿಯಲ್ಲಿ. ಡೊಂಕಾದ ಹಿಡಿಗಳನ್ನು ಅಲ್ಲಿ ರಾಶಿ ಹಾಕುತ್ತಾರೆ. ಪಕ್ಕದಲ್ಲೇ ಖಾಲಿ ಬಣ್ಣದ ಡಬ್ಬಗಳು. ಒಂದೊಂದು ಹಿಡಿಯನ್ನೂ ಡಬ್ಬಕ್ಕೆ ಬಡಿದು ನೋಡಿದೆ. ಗಂಟಿರುವ ಮರ ಬೊದ್ದಾಗಿ ಕೇಳುತ್ತದೆ. ಎಳೆ ನೇರವಿದ್ದರೆ ಸದ್ದು ಮೊನಚು. ದೊಡ್ಡ ಡಬ್ಬದ ದನಿ ಇಂಜಿನ್ನಿನ ಗುರ್ರಿನೊಳಗೆ ಮುಳುಗುತ್ತದೆ, ಚಿಕ್ಕದರ ದನಿ ಅದರ ಮೇಲೆ ತೇಲುತ್ತದೆ. ಚಿಕ್ಕ ಡಬ್ಬಗಳನ್ನೇ ಆರಿಸಿದೆ. ಕಾಲೇಜಿನ ಪ್ರಬಂಧ ಮೊದಲ ಬಾರಿಗೆ ಕೆಲಸಕ್ಕೆ ಬಂತು.

ಹಸಿರು ಬಂದದ್ದು ನಮಗೆ ತಿಳಿಯುವುದು ಹೇಗೆ? ಅದಕ್ಕೆ ಇಂಗ್ರಿಡ್ ಸೋರ್ಬಿ ಇದ್ದಳು. ನಮ್ಮ ಕಾರ್ಖಾನೆಯಲ್ಲೇ ನೆಲ ಒರೆಸುವ ಮಾಪು ಹೊಲಿಯುವವಳು. ಅವಳಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಅಂಗೈಯಲ್ಲಿ ಬೆರಳಿನಿಂದ ಬರೆದು ಮಾತಾಡುತ್ತೇವೆ. ಪೆಟ್ಟಿಗೆ ಕೂಗುತ್ತಿದ್ದ ಕಾಲದಲ್ಲೂ ಅವಳಿಗೆ ಆಧಾರ ಆ ನಡುಗುವ ಬಾಣವೇ. ಅಂಗೈಯಲ್ಲಿ ಎಲ್ಲ ವಿವರಿಸಿದೆ. ಅವಳು ನನ್ನ ಅಂಗೈಯಲ್ಲಿ ಬರೆದಳು: ಕೊನೆಗೂ ನಿಮಗೆಲ್ಲ ನಾನು ಹೇಳಬೇಕಾಯ್ತಾ. ಕೆಳಗೆ ನಗುವಿನ ಗುರುತೊಂದನ್ನು ಎಳೆದಳು.

ಮರುದಿನ ಬೆಳಗಿನ ಪಾಳಿಗೆ ಮೊದಲು ಎಲ್ಲರೂ ಮೂಲೆಯಲ್ಲಿ ಸೇರಿದೆವು. ಇಂಗ್ರಿಡ್‌ನ ಒಂದು ಅಂಗೈ ಬಾಣದ ಮೇಲೆ, ಇನ್ನೊಂದು ಕೈ ಆಲ್ಟನ್ನನ ಹೆಗಲ ಮೇಲೆ. ಬಾಣ ನಡುಗಿತು. ಅವಳು ಹೆಗಲು ಹಿಂಡಿದಳು. ಆಲ್ಟನ್ ಡಬ್ಬಕ್ಕೆ ಬಡಿದ. ಟಣ್ ಟಣ್ ಟಣ್. ಮಾಪು ವಿಭಾಗದ ಇಬ್ಬರು ಮೊದಲೇ ವ್ಯಾನಿನಲ್ಲಿ ಆಚೆ ದಡಕ್ಕೆ ಹೋಗಿ ನಿಂತಿದ್ದರು. ಇಲ್ಲಿಯ ಸದ್ದು ಕೇಳಿದ್ದೇ ತಡ ಅಲ್ಲಿಂದ ಉತ್ತರ ಬಂತು. ಟಿಣ್ ಟಿಣ್ ಟಿಣ್. ನಾನು ಕೋಲು ಮುಂದೆ ಮಾಡಿ ಇಳಿದೆ. ಬೆನ್ನ ಹಿಂದೆ ಟಣ್, ಮುಖದ ಮುಂದೆ ಟಿಣ್. ಎರಡರ ನಡುವಿನ ಗೆರೆಯೇ ನನ್ನ ರಸ್ತೆ. ಎಡಕ್ಕೆ ತಿರುಗಬೇಕಿದ್ದ ಕಾರೊಂದು ನಾನು ದಾಟುವ ತನಕ ಕಾಯಿತು. ಆಚೆ ಕಟ್ಟೆಗೆ ನನ್ನ ಕೋಲು ತಾಗಿದಾಗ ಇಡೀ ಮೈ ಹಗುರಾಯಿತು. ನನ್ನ ಹಿಂದೆ ಇಡೀ ಪಾಳಿ ದಾಟಿಬಂತು.

ಕೋಗನ್ ಬಾಗಿಲಲ್ಲಿ ನಿಂತಿದ್ದ. ನಡೆದು ಬಂದವರು ಮನೆಗೆ ಹೋಗಬೇಕು ಎಂದು ನೆನಪಿಸಿದ. ಸರಿ ಎಂದು ಎಲ್ಲರೂ ಒಟ್ಟಿಗೆ ಹಿಂದಕ್ಕೆ ತಿರುಗಿದೆವು. ಅವನು ಉಸಿರು ಬಿಟ್ಟಿದ್ದು ನಮಗೆ ಕೇಳಿಸಿತು. ಸರ್ಕಾರಿ ಕಚೇರಿಗಳಿಗೆ ಆ ವಾರವೇ ಪೊರಕೆ ಹೋಗಬೇಕಿತ್ತು. ಒಳಗೆ ಬನ್ನಿ, ಈ ಒಂದು ದಿನಕ್ಕೆ ಎಂದ. ಮರುದಿನವೂ ಅದನ್ನೇ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟ.

ಬೆಳಿಗ್ಗೆ ಪಾಳಿಗೆ ಮೊದಲು, ಸಂಜೆ ಪಾಳಿ ಮುಗಿದ ಮೇಲೆ, ದಿನವೂ ಡಬ್ಬ ಬಡಿದೆವು. ತೋಳು ನೋಯುತ್ತಿತ್ತು. ಹಗಲಿಡೀ ತಂತಿ ಎಳೆದ ತೋಳು ಅದು. ಹೆಗಲ ಮೇಲೆ ಇಂಗ್ರಿಡ್‌ನ ಬೆರಳಿನ ಗುರುತು ಮೂಡಿದೆ ಎಂದು ಆಲ್ಟನ್ ದೂರಿದ, ಹೆಂಡತಿಗೆ ಏನೆಂದು ಹೇಳಲಿ ಎಂದ. ಅದನ್ನು ಇಂಗ್ರಿಡ್‌ನ ಅಂಗೈಗೆ ಬರೆದೆ. ಮರುದಿನದಿಂದ ಅವಳು ಇನ್ನೊಂದು ಹೆಗಲನ್ನು ಹಿಂಡಿದಳು.

ಮೂಲೆಗೆ ಬೇರೆಯವರೂ ಬರತೊಡಗಿದರು. ನಡೆಯಲು ಊರುಗೋಲಿನ ಚೌಕಟ್ಟು ಹಿಡಿದ ಒಬ್ಬ ಮುದುಕ, ತಲೆ ತಗ್ಗಿಸಿ ಕಾಲು ನೋಡುತ್ತ ನಡೆಯುವವನಿಗೆ ಮೇಲಿನ ದೀಪ ಕಾಣುವುದಿಲ್ಲ, ನಿಮ್ಮ ಡಬ್ಬವೇ ವಾಸಿ ಎಂದ. ಬೇಕರಿಯವಳು ಜಾಮ್ ತುಂಬಿದ ಡೋನಟ್ ತಂದುಕೊಟ್ಟಳು. ಕೆಲವು ಬಸ್ ಚಾಲಕರು ನಮ್ಮ ತಾಳಕ್ಕೆ ಹಾರನ್ ಸೇರಿಸಿದರು. ಇಬ್ಬರು ಪೊಲೀಸರು ಬಂದು ಶಾಂತಿಭಂಗ ಎಂದರು. ಬಿಳಿ ಕೋಲು ಹಿಡಿದವರಿಗೆ ಕಾರು ನಿಲ್ಲಿಸಬೇಕೆಂಬ ಕಾನೂನನ್ನು ನಾನು ಹೇಳಿದೆ. ಆ ಕಾನೂನು ಮುರಿದ ಕಾರುಗಳು ಈಗ ತಾನೆ ಇಷ್ಟು ಹೋದವು, ಅವುಗಳ ಶಾಂತಿ ಹೇಗಿದೆ ಎಂದು ಕೇಳಿದೆ. ಅವರಲ್ಲಿ ಒಬ್ಬ ಡೋನಟ್ ತಿಂದು ಹೋದ.

ಒಂದು ಬೆಳಿಗ್ಗೆ ಮಿಸೆಸ್ ಸ್ಟ್ರಾಂಡ್ ಇಳಿದುಬಂದರು. ಮನೆಯ ಮೆತ್ತನೆ ಚಪ್ಪಲಿಯ ಸದ್ದು.

"ನಿಮ್ಮನ್ನ ಕರ್ಕೊಂಡು ಬರೋಕೆ ಮನೇಲಿ ಯಾರೂ ಇಲ್ವಾ?" ಎಂದರು.

"ನಿಮ್ಮ ಕಿಟಕಿ ಮುಚ್ಚೋಕೆ ಮನೇಲಿ ಯಾರೂ ಇಲ್ವಾ ಮೇಡಂ?" ಎಂದೆ.

ಆಲ್ಟನ್ ಬಡಿಯುವುದನ್ನು ನಿಲ್ಲಿಸಿ ಕೇಳತೊಡಗಿದ. ಆಕೆಗೆ ಸಿಟ್ಟು ಬಂತು. ಹಗಲಿನ ಮಾತಲ್ಲ ಅದು ಎಂದರು. ಹಗಲು ಕಾರಿನ ಗದ್ದಲದಲ್ಲಿ ಪೆಟ್ಟಿಗೆ ತಮಗೆ ಕೇಳಿಸುತ್ತಲೇ ಇರಲಿಲ್ಲ. ಬೀದಿ ಖಾಲಿಯಾದ ಮೇಲೆ ಅದೇ ಪೆಟ್ಟಿಗೆ ಕೊರಳು ಕೊಯ್ದ ಹಾಗೆ ಚೀರುತ್ತಿತ್ತು. ಸ್ವಲ್ಪ ತಗ್ಗಿಸಿ ಎಂದು ಕೇಳಿದ್ದೆ, ನಿಲ್ಲಿಸಿಬಿಡಿ ಎಂದು ನಾನು ಹೇಳಿಯೇ ಇಲ್ಲ ಎಂದರು. ಹೇಳಿಯೇ ಇಲ್ಲ ಎಂದು ತಮಗೇ ಆಶ್ಚರ್ಯವಾದವರಂತೆ ಮತ್ತೊಮ್ಮೆ ಅಂದರು.

ಗದ್ದಲ ಹೆಚ್ಚಿದ್ದಾಗ ಜೋರಾಗಿ, ಕಡಿಮೆ ಇದ್ದಾಗ ಮೆಲ್ಲಗೆ ಕೂಗುವುದು ಅಂಥ ಪೆಟ್ಟಿಗೆಗೆ ದೊಡ್ಡ ವಿದ್ಯೆಯಲ್ಲ. ಕಾಗೆಗೂ ಗೊತ್ತಿರುವ ವಿದ್ಯೆ. ಯಾರೂ ಕಲಿಸಿರಲಿಲ್ಲ. ಹಗಲಿಗೆ ತಕ್ಕ ಜೋರಿಗೆ ಇಟ್ಟು ಮರೆತಿದ್ದರು. ದೂರು ಬಂದಾಗ ಕುತ್ತಿಗೆ ಹಿಚುಕಿದ್ದರು. ಪಾಲಿಕೆಗೆ ಗೊತ್ತಿದ್ದುದು ಎರಡೇ: ಚೀರು, ಇಲ್ಲವೇ ಸುಮ್ಮನಿರು. ನಮ್ಮಂಥವರ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದು ಆ ಎರಡೇ.

"ಇದನ್ನ ನೀವು ಎಂಜಿನಿಯರ್‌ಗೆ ಹೇಳ್ಬೇಕು," ಎಂದೆ. "ನಾವು ಹೇಳಿದ್ರೆ ಚಿತ್ರ ತೋರಿಸ್ತಾನೆ."

ಆಕೆ ಹೇಳಿದರೋ, ಪೊಲೀಸರು ಹೇಳಿದರೋ, ಹಾರನ್ನುಗಳು ಹೇಳಿದವೋ ಗೊತ್ತಿಲ್ಲ. ಗುರುವಾರ ಬೆಳಿಗ್ಗೆ ಪಾಳಿಗೆ ಮೊದಲು ಪ್ರೂಯಿಟ್ ಬಂದ. ನಡೆದುಕೊಂಡು. ಕಾರನ್ನು ದೂರದಲ್ಲಿ ನಿಲ್ಲಿಸಿದ್ದೇನೆ ಎಂದು ತಾನಾಗಿ ಹೇಳಿದ, ಮೆಚ್ಚಿಕೊಳ್ಳಲಿ ಎಂಬ ಹಾಗೆ. ಕಿಸೆಯಿಂದ ಏನೋ ಬಟ್ಟೆ ತೆಗೆದ ಸದ್ದಾಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರಸ್ತೆ ದಾಟುತ್ತೇನೆ, ನಿಮ್ಮ ಕಷ್ಟ ಅರ್ಥವಾಗಬೇಕು ಎಂದ.

"ಕಟ್ಕೋಬೇಡಿ," ಎಂದೆ. "ನೀವು ಹೆದರ್ತೀರಿ. ಹೆದರಿ, ಅಯ್ಯೋ ಪಾಪ ಎಷ್ಟು ಕಷ್ಟ ಅಂತ ಇನ್ನೊಂದು ವ್ಯಾನ್ ಕಳಿಸ್ತೀರಿ. ನಮಗೆ ಕಷ್ಟ ಕತ್ತಲಿಂದ ಅಲ್ಲ ಸಾರ್. ನಿಮ್ಮ ಪೆಟ್ಟಿಗೆಯಿಂದ. ಕಣ್ಣು ತೆರೆದೇ ಇರಿ. ಕೈ ಮಾತ್ರ ಕೊಡಿ."

ಅವನ ಅಂಗೈಯನ್ನು ಇಂಗ್ರಿಡ್‌ನ ಜಾಗದಲ್ಲಿ ಬಾಣದ ಮೇಲೆ ಇಟ್ಟೆ. ಇನ್ನೊಂದು ಕೈ ಆಲ್ಟನ್ನನ ಹೆಗಲ ಮೇಲೆ. ದೀಪ ನೋಡಬಾರದು ಎಂದೆ. ಬಾಣ ನಡುಗಿತು. ಹಿಂಡಿದ. ಆಲ್ಟನ್ ಬಡಿದ. ಜನ ದಾಟಿದರು. ಮತ್ತೆ ನಡುಗಿತು. ಮತ್ತೆ ಹಿಂಡಿದ. ಇಡೀ ಪಾಳಿ ದಾಟುವ ತನಕ ನಿಂತ. ಕೈ ಜೋಮು ಹಿಡಿಯಿತು ಎಂದ. ಇಂಗ್ರಿಡ್‌ನದು ದಿನವೂ ಹಿಡಿಯುತ್ತದೆ ಎಂದೆ. ಎಲ್ಲರೂ ದಾಟಿ ನಾನು, ಆಲ್ಟನ್, ಇಂಗ್ರಿಡ್ ಉಳಿದೆವು.

"ಈಗ ನೀವು ದಾಟಿ ಸಾರ್," ಎಂದ ಆಲ್ಟನ್. "ಕೈ ಬಾಣದ ಮೇಲೇ ಇರ್ಲಿ."

ಪ್ರೂಯಿಟ್ ಒಂದು ಹೆಜ್ಜೆ ಇಟ್ಟನೇನೋ. ಬೂಟು ಕಟ್ಟೆಯ ಅಂಚಿಗೆ ಉಜ್ಜಿತು. ತೋಳು ಅಷ್ಟೇ ಉದ್ದ. ನಿಂತ. ಇದು ನನಗೆ ಹೊಳೆಯಬೇಕಿತ್ತು ಎಂದ. ಹೌದು ಎಂದೆ.

ಆಮೇಲೆ ಹಳೆಯ ರಾಗ ಶುರುವಾಯಿತು. ಪೆಟ್ಟಿಗೆಗೆ ಗದ್ದಲ ಅಳೆದು ದನಿ ಹೊಂದಿಸುವ ಶಕ್ತಿ ಇದೆ, ಒಳಗೆ ಒಂದು ತಿರುಪು ಇದೆ, ಅದನ್ನು ಯಾರೂ ಮುಟ್ಟಿಲ್ಲ. ಮುಟ್ಟಬಹುದು. ಆದರೆ ಸಮಿತಿ ಸೇರಬೇಕು. ಸಮಿತಿ ಶರತ್ಕಾಲಕ್ಕೆ ಸೇರುತ್ತದೆ. ವರದಿ ಬೇಕು, ಒಪ್ಪಿಗೆ ಬೇಕು.

"ಇದರ ಬಾಯಿ ಮುಚ್ಸೋವಾಗ ಯಾವ ಸಮಿತಿ ಸೇರಿತ್ತು?" ಎಂದು ಕೇಳಿದೆ.

ಅವನು ಬಟ್ಟೆಯನ್ನು ಮಡಚಿ ಕಿಸೆಗೆ ತುರುಕಿದ ಸದ್ದಾಯಿತು.

"ಕೇಳ್ತಿದೀನಿ ಸಾರ್. ಯಾವ ವರದಿ? ಯಾರ ಒಪ್ಪಿಗೆ?"

"ಒಂದು ಫೋನ್ ಬಂತು," ಎಂದ, ತಗ್ಗಿದ ದನಿಯಲ್ಲಿ. "ಹುಡುಗರನ್ನ ಕಳಿಸಿದೆ."

ಆಲ್ಟನ್ ಡೊಂಕು ಹಿಡಿಯನ್ನು ಕಿವಿಗೆ ಹಿಡಿದ. ಹಲೋ ಎಂದ. ಇಂಗ್ರಿಡ್ ನನ್ನ ಅಂಗೈ ಕೆರೆದು ಏನಾಗುತ್ತಿದೆ ಎಂದು ಕೇಳಿದಳು. ಆಲ್ಟನ್ ಪೊರಕೆ ಹಿಡಿಯಲ್ಲಿ ಫೋನ್ ಮಾಡುತ್ತಿದ್ದಾನೆ ಎಂದು ಬರೆದೆ. ಅವಳ ಇಡೀ ಮೈ ಕುಲುಕಿತು. ಇಂಗ್ರಿಡ್ ನಗುವುದು ಹಾಗೆ, ಸದ್ದಿಲ್ಲದೆ.

"ಹಲೋ, ಪ್ರೂಯಿಟ್ ಸಾಹೇಬ್ರಾ?" ಎಂದ ಆಲ್ಟನ್. "ನಾನು ಹಾಲೊವೆ ರಸ್ತೆಯಿಂದ. ನಂದೊಂದು ದೂರಿದೆ. ಇಲ್ಲಿ ಒಂದು ಪೆಟ್ಟಿಗೆ ಸುಮ್ಮನಿದೆ. ನಿದ್ದೆ ಬರ್ತಿಲ್ಲ."

ಪ್ರೂಯಿಟ್ ನಕ್ಕುಬಿಟ್ಟ. ತಡೆಯಲು ನೋಡಿ ಸೋತ ನಗು. ಆಮೇಲೆ ಕೀಲಿಗೊಂಚಲು ಗಲಗಲಿಸಿತು. ಪೆಟ್ಟಿಗೆಯ ತಗಡು ಕಿರ್ರೆಂದು ತೆರೆಯಿತು. ಅವನು ಗೊಣಗುತ್ತ ತಿರುಪು ತಿರುಗಿಸಿದ. ಒಂದು ಕಂಬ ಮುಗಿಸಿ, ದೀಪ ಕಾದು, ಆಚೆ ದಾಟಿ, ಎದುರಿನ ಕಂಬವನ್ನೂ ತೆರೆದ. ಅಲ್ಲಿಂದ ಕೂಗಿ ಬಟನ್ ಒತ್ತಿ ಎಂದ.

ಒತ್ತಿದೆ. ಕಾದೆ. ಆಲ್ಟನ್ ಡಬ್ಬವನ್ನು ಕೆಳಗಿಟ್ಟ. ಒಂದು ಬಸ್ಸು ಗುಡುಗಿ ಹೋಯಿತು. ಕಾರು ನಿಂತವು.

ಚಿಯಪ್ ಎಂದಿತು ಕಂಬ. ಚೀರಲಿಲ್ಲ. ನಿಂತ ಇಂಜಿನ್ನುಗಳ ಗದ್ದಲಕ್ಕಿಂತ ಒಂದು ಕೂದಲೆಳೆ ಮೇಲೆ, ಅಷ್ಟೇ. ಎದುರಿನಿಂದ ಇನ್ನೊಂದು ಚಿಯಪ್. ಆಲ್ಟನ್ ಹೋಗು ಎನ್ನಲಿಲ್ಲ. ಬೆನ್ನು ತಟ್ಟಲಿಲ್ಲ. ಅವನಿಗೆ ಗೊತ್ತು. ನಾನೊಬ್ಬಳೇ ಇಳಿದೆ. ಡಾಂಬರು, ಬಿಳಿ ಪಟ್ಟಿಯ ನುಣುಪು, ಮತ್ತೆ ಡಾಂಬರು. ಎಡ ಕೆನ್ನೆಗೆ ಸರೋವರದ ಗಾಳಿ. ತಿರುಗುವ ಕಾರೊಂದು ಉಸಿರು ಹಿಡಿದು ನಿಂತಿತ್ತು. ಆಚೆ ಕಟ್ಟೆಗೆ ಕೋಲು ತಾಗಿತು.

ಪ್ರೂಯಿಟ್ ಸರಿಯಾಗಿದೆಯೇ ಎಂದು ಕೇಳಿದ. ಒಂದೇ ಸಲಕ್ಕೆ ಹೇಗೆ ಹೇಳುವುದು, ಪ್ರಯೋಗ ಎಂದರೆ ಮತ್ತೆ ಮಾಡಿ ನೋಡಬೇಕು ಎಂದೆ. ಹಿಂದಕ್ಕೆ ತಿರುಗಿ ಬಟನ್ ಒತ್ತಿದೆ. ಚಿಯಪ್. ದಾಟಿದೆ. ಈ ದಡದಲ್ಲಿ ಆಲ್ಟನ್ ಏನೋ ಹೇಳಲು ಬಂದ, ಸುಮ್ಮನಿರು ಎಂದೆ. ಮತ್ತೆ ಒತ್ತಿದೆ. ಮತ್ತೆ ದಾಟಿದೆ. ಕಾರ್ಖಾನೆಯ ಗಂಟೆ ಬಾರಿಸುತ್ತಿತ್ತು. ಬಾರಿಸಲಿ.

ಒಳಗೆ ಹೋಗುವ ಹೊತ್ತಿಗೆ ಯಂತ್ರಗಳೆಲ್ಲ ಓಡುತ್ತಿದ್ದವು. ಕೋಗನ್ ನನ್ನ ಪೀಠದ ಹತ್ತಿರವೇ ಕಾಯುತ್ತಿದ್ದ. ಇಷ್ಟು ತಡವೇಕೆ ಎಂದು ಕೇಳಿದ.

"ರಸ್ತೆ ದಾಟ್ತಿದ್ದೆ," ಎಂದೆ.

"ಇಷ್ಟು ಹೊತ್ತು?"

"ಚೆನ್ನಾಗಿತ್ತು," ಎಂದೆ. ಕೂತು ತಂತಿ ಎಳೆದೆ.